ಪುಟ್ಟಿಯ ಕೈ ಎಳೆದವರು ಯಾರು

ಶಿಶುವಿಹಾರದ ಆಯಾಗೆ ಬಾಯಿ ಸ್ವಲ್ಪ ಜೋರು, ಒಪ್ಪೋಣ. ಆದರೆ ಹದಿನಾರು ವರ್ಷದಲ್ಲಿ ಒಂದು ಮಗುವಿನ ಕೂದಲೂ ಕೊಂಕದಂತೆ ನೋಡಿಕೊಂಡವಳು. ಅಂಥವಳ ಮೇಲೆ ಇವತ್ತು ಅಪವಾದ ಬಂದಿತ್ತು.

ಆಗಿದ್ದಿಷ್ಟೇ. ಎರಡು ವರ್ಷದ ಪುಟ್ಟಿಯನ್ನು ಅಪ್ಪ ಬಾಗಿಲಲ್ಲಿ ಬಿಟ್ಟು ಓಡಿದ. ಬಂದ ಮಕ್ಕಳ ಸ್ವೆಟರ್ ಬಿಚ್ಚಿ ಮೊಳೆಗೆ ನೇತುಹಾಕುವುದು ಆಯಾಳ ಮೊದಲ ಕೆಲಸ. ಎಡತೋಳು ಬಿಚ್ಚುವಾಗ ಮಗು ಕಿಟಾರನೆ ಕಿರುಚಿತು. ಆಮೇಲೆ ನೋಡಿದರೆ ಆ ಕೈ ಜೋತುಬಿದ್ದಿದೆ, ಬಿಸ್ಕತ್ತು ತೋರಿಸಿದರೂ ಏಳುತ್ತಿಲ್ಲ.

"ಎಳೆದುಬಿಟ್ಟೆ ಅಂತ ಒಪ್ಕೋ, ಅವರಪ್ಪನ ಕಾಲಿಗೆ ಬೀಳು," ಎಂದಳು ಶಿಶುವಿಹಾರದ ಒಡತಿ. "ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ಮಾಡದ ತಪ್ಪಿಗೆ ಕಾಲಿಗೆ ಬೀಳೋಳಲ್ಲ ನಾನು. ನಡೀರಿ ಡಾಕ್ಟರ ಹತ್ರ!"

ಹಾಗೆಂದಳೇ ಹೊರತು ದಾರಿಯುದ್ದಕ್ಕೂ ಜೀವ ಪುಕಪುಕ ಅನ್ನುತ್ತಿತ್ತು. ನಿಜವಾಗಿ ಎಳೆದುಬಿಟ್ಟೆನೇ?

ಸುದ್ದಿ ಕೇಳಿ ಅಪ್ಪ ಕ್ಲಿನಿಕ್ಕಿಗೇ ಬಂದ. "ಇಂಥವರ ಕೈಗೆ ಮಗು ಕೊಟ್ಟಿದ್ದೇ ತಪ್ಪು," ಎಂದು ಗುಡುಗಿದ.

ಡಾಕ್ಟರಮ್ಮ ಕೈಯನ್ನು ನೋಡಿದರು. ಬಾವು ಇಲ್ಲ, ಮಗು ಎಲ್ಲೂ ಬಿದ್ದದ್ದೂ ಇಲ್ಲ. "ಮುರಿದಿಲ್ಲ, ಮೊಣಕೈ ಹತ್ರ ಮೂಳೆ ಒಂಚೂರು ಜಾರಿದೆ. ಎಳೇ ಮಕ್ಕಳ ಕೈ ಹಿಡಿದು ಎಳೆದ್ರೆ ಹೀಗಾಗುತ್ತೆ." ಒಂದು ಕೈಯಲ್ಲಿ ಮೊಣಕೈ ಹಿಡಿದು, ಇನ್ನೊಂದರಲ್ಲಿ ಮಣಿಕಟ್ಟು ಹಿಡಿದು, ಅಂಗೈಯನ್ನು ಕೆಳಮುಖವಾಗಿ ತಿರುಗಿಸಿದರು. ಟಕ್ ಎಂದಿತು. ಪುಟ್ಟಿ ಸೂರು ಹಾರುವಂತೆ ಅತ್ತಿತು. "ಹತ್ತು ನಿಮಿಷ ಬಿಡಿ, ತಾನಾಗೇ ಎತ್ತುತ್ತೆ."

"ಸ್ವೆಟರ್ ಎಳೆದ್ರೂ ಆಗುತ್ತಾ?" ಅಪ್ಪ ಕೇಳಿದ.

"ಆಗಬಹುದು."

ಕೆಲಸ ಹೋಯಿತು, ಮಾನವೂ ಹೋಯಿತು ಅಂದುಕೊಂಡಳು ಆಯಾ. ಆದರೂ ತಲೆ ತಗ್ಗಿಸಲಿಲ್ಲ.

ಅಳು ನಿಂತ ಪುಟ್ಟಿ ಸ್ವಲ್ಪ ಹೊತ್ತು ಆಟವಾಡಿ ಅಪ್ಪನ ಮುಂದೆ ಬಂದು ನಿಂತಿತು. ಎರಡೂ ಕೈ ಮೇಲೆತ್ತಿ, "ಅಪ್ಪಾ, ಜೋಕಾಲಿ! ಮೆಟ್ಲು, ಜುಂಯ್!" ಎಂದಿತು.

ಅಪ್ಪನ ಮುಖ ಪೆಚ್ಚಾಯಿತು. "ದಿನಾ ಕೈ ಹಿಡ್ಕೊಂಡು ಮೆಟ್ಟಿಲು ಹಾರಿಸ್ತೀನಿ... ಇವತ್ತು ಅತ್ತಳು. ಹಟ ಅಂದ್ಕೊಂಡೆ."

"ಹಾಗಾದ್ರೆ ಅಲ್ಲೇ ಜಾರಿದೆ," ಎಂದರು ಡಾಕ್ಟರಮ್ಮ. "ಆಮೇಲೆ ಮುಟ್ಟಿದ್ರೆ ನೋಯದೆ ಇರುತ್ತಾ?"

ಜೊತೆಗೆ ಬಂದಿದ್ದ ಒಡತಿ ಆಯಾಳ ಭುಜ ತಟ್ಟಿದಳು. "ಹೋಗ್ಲಿ ಬಿಡು, ಆದದ್ದಾಯ್ತು."

"ಬಿಡೋಕೆ ಅದೇನು ಹರಿದ ಚಪ್ಪಲಿನಾ ಮೇಡಂ? ನನ್ನ ಮಾನ!" ಆಯಾಳ ಕಣ್ಣು ತುಂಬಿತ್ತು, ದನಿ ಮಾತ್ರ ಇಳಿಯಲಿಲ್ಲ. ಪುಟ್ಟಿಯ ಕಂಕುಳಿಗೆ ಎರಡೂ ಕೈ ಕೊಟ್ಟು ಮೇಲೆತ್ತಿದಳು. "ಮಗು ಎತ್ತೋದು ಹೀಗೆ ಸಾರ್, ನೋಡ್ಕೊಳ್ಳಿ. ನಾಳೆ ಎಂಟಕ್ಕೆ ತಂದು ನನ್ನ ಕೈಗೇ ಕೊಡಿ."