ಹಳೆಯ ಬ್ರೌಸರಿನಲ್ಲಿ ಬಟನ್ ಇಲ್ಲ

ಮತ್ತೊಂದು ಅದಿರು ಲಾರಿ, ಮಾನಿಟರ್ ಗಡಗಡ ನಡುಗಿತು, ಪುಟ ಇನ್ನೂ ತೆರೆಯುತ್ತಲೇ ಇದೆ — ಬಾ ತಾಯಿ, ಬೇಗ ಬಾ — ಸಂಡೂರಿನ ಈ ಇಂಟರ್ನೆಟ್ ಅಂಗಡಿಯ ಕಂಪ್ಯೂಟರ್ ಯಾವುದೋ ಮುಚ್ಚಿದ ಗಣಿ ಆಫೀಸಿನದು, ಕೀಲಿಗಳ ಸಂದಿಯಲ್ಲಿ ಕೆಂಪು ಧೂಳು, ಬ್ರೌಸರ್ ನಾನು ಹೈಸ್ಕೂಲಿನಲ್ಲಿದ್ದ ಕಾಲದ್ದು, ಹೊಸದು ಹಾಕಿದ್ರ ಹೆಬ್ಬೆಟ್ಟಿನ ಮಷಿನ್ ಬಂದ್ ಆಗ್ತೈತ್ರಿ ಮೇಡಂ ಅನ್ನುತ್ತಾನೆ ಅಂಗಡಿಯ ಕನಕರಾಜ್, ಆ ಮಷಿನ್ನಿನಲ್ಲಿ ಹೆಬ್ಬೆಟ್ಟು ಒತ್ತದೆ ಕಣ್ಣಿನ ಆಪರೇಷನ್ನಿಗೆ ಪಾಳಿ ಸಿಗದು, ಮೊಬೈಲಿನಲ್ಲಿ ಆಗದು, ಅದಕ್ಕೇ ನಾವು ಮಾಡಿದ ಆಸ್ಪತ್ರೆಯ ವೆಬ್‌ಸೈಟನ್ನು ಇದರಲ್ಲಿ ಪರೀಕ್ಷಿಸಲು ಹೊಸಪೇಟೆಯಿಂದ ಬಸ್ಸು ಹತ್ತಿ ಬಂದೆ — ಬಂತು, ಮೊದಲು ಬಂದದ್ದು ಹಂಪಿಯ ಕಲ್ಲಿನ ರಥದ ಚಿತ್ರ, ಕಣ್ಣಾಸ್ಪತ್ರೆಗೆ ರಥ ಯಾಕೆ ಸ್ವಾಮಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು, ಹೆಸರಿನ ಜಾಗ ಬಂತು, ಊರಿನ ಜಾಗ ಬಂತು, ಕೆಳಗೆ ‘ಪಾಳಿ ಕಾಯ್ದಿರಿಸಿ’ ಎಂಬ ಬಟನ್ ಇರಬೇಕಾದಲ್ಲಿ ಬಿಳಿ, ಬರೀ ಬಿಳಿ, ಟ್ಯಾಬ್ ಒತ್ತಿದೆ, ಎಂಟರ್ ಒತ್ತಿದೆ, ಏನೂ ಇಲ್ಲ.

ಫೋನು, ಬಾಸ್ ಬಸವಕುಮಾರ್, ಅಲ್ಲಿ ಆಫೀಸಿನಲ್ಲಿ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ ಕೂತಿರುತ್ತಾರೆ, ಕಾಯಿ ಒಡೆಯದೆ ಯಾವ ಸೈಟನ್ನೂ ಜನರಿಗೆ ಬಿಡುವವರಲ್ಲ, ಐಶ್ವರ್ಯಾ, ಜಲ್ದಿ ಓಕೆ ಅನ್ನವ್ವ, ರಾಹುಕಾಲ ಬರಾಕತ್ತೈತಿ, ಸರ್ ಇಲ್ಲಿ ಬಟನ್ ಕಾಣವಲ್ದು ಅಂದೆ, ಹೊಸಪ್ಯಾಟ್ಯಾಗ ಎಲ್ಲಾರಿಗೂ ಕಾಣ್ತೈತಲ್ಲ, ಆ ಹಳೇ ಡಬ್ಬಾದಾಗ ಯಾರ್ ನೋಡ್ತಾರ, ನಾಳಿ ರಿಪೇರಿ ಮಾಡೂಣು — ನಾಳೆಯಂತೆ ನಾಳೆ, ಬೈದುಬಿಡಬೇಕಿತ್ತು, ಆದರೆ ರಾಹುಕಾಲದ ಭಯ ನನಗೂ ಉಂಟಲ್ಲ, ನಮ್ಮವ್ವ ಆ ಹೊತ್ತಿನಲ್ಲಿ ಸೊಪ್ಪು ಕೊಳ್ಳಲೂ ಹೊಸಿಲು ದಾಟುವವಳಲ್ಲ, ಓಕೆ ಎಂದೆ, ಎಂದೇಬಿಟ್ಟೆ, ಆ ಕಡೆ ಕಾಯಿ ಒಡೆದ ಸದ್ದು, ಚಪ್ಪಾಳೆ, ಸೈಟು ತೆರೆಯಿತು, ಪರದೆಯ ಮೂಲೆಯಲ್ಲಿ ಉಳಿದ ಪಾಳಿಗಳ ಸಂಖ್ಯೆ ಆಗಲೇ ಇಳಿಯತೊಡಗಿದೆ, ಹೊಸಪೇಟೆಯವರು, ಕಂಪ್ಲಿಯವರು, ಹೊಸ ಕಂಪ್ಯೂಟರ್ ಇರುವವರೆಲ್ಲ ಒತ್ತುತ್ತಿದ್ದಾರೆ, ಮತ್ತೆ ಪಾಳಿ ತೆರೆಯುವುದು ಮುಂದಿನ ವರ್ಷವಂತೆ, ಥೂ ನನ್ನ ಬಾಯಿಗಿಷ್ಟು, ಇಲ್ಲಿ ಬೆಂಚಿನ ಮೇಲಿದ್ದ ಅಜ್ಜಿ ಎದ್ದಳು, ಚೋರನೂರಿನ ದ್ಯಾಮಕ್ಕ, ಎರಡೂ ಕಣ್ಣಿಗೆ ಪೊರೆ, ಗೋಡೆ ಹಿಡಿದು ಬಂದಳು, ಕನಕರಾಜ್ ಅವಳ ಹೆಬ್ಬೆಟ್ಟು ಹಿಡಿದು ಒತ್ತಿಸಿದ, ಹಸಿರು ದೀಪ, ಹೆಸರು ಬಂತು, ಊರು ಬಂತು, ಅಜ್ಜಿ ನಕ್ಕಳು, ಇನ್ನ ಬಟನ್ ಒತ್ತಿದ್ರ ಆತಲ್ಲೇನವ್ವಾ, ಬೆರಳು ಪರದೆಯ ಗಾಜಿನ ಮೇಲೆ ತಡವರಿಸುತ್ತಿದೆ, ಇಲ್ಲೇನು, ಇಲ್ಲೇನು, ಹೇಳಬೇಕು, ಬಟನ್ ಇಲ್ಲಜ್ಜಿ, ಇಲ್ಲದ್ದನ್ನು ಇದೆ ಎಂದವಳು ನಾನೇ — ಸಂಖ್ಯೆ ಇಳಿಯುತ್ತಿದೆ, ಅಜ್ಜಿ ಅಂದಳು, ಸುಡುಗಾಡು ಕಣ್ಣು ನನ್ನವು, ಭಾಳ ಬೆಳ್ಳಗ ಕಾಣ್ತೈತಿ, ನಿನ್ನ ಕಣ್ಣು ಚಲೋ ಅದಾವಲ್ಲ, ನೀನ ನೋಡಿ ಒತ್ತವ್ವಾ, ನೋಡುತ್ತಿದ್ದೇನೆ, ನಾನೂ ನೋಡುತ್ತಿದ್ದೇನೆ, ಬಿಳಿಯ ಮೇಲೆ ಅವಳ ಬೆರಳು, ಬಿಳಿಯ ಮೇಲೆ ಅವಳ ಬೆರಳು