ಎಂಟನೆಯ ಕಾಲು

ಹೊಲಿಗೆ ಮೆಷಿನ್ ಕೊಟ್ಟುಬಿಡುತ್ತೇನೆಂದು ಅಕ್ಕ ಹೇಳಿ ನಾಲ್ಕು ದಿನವಾಗಿತ್ತು. ಹಳೇ ಸಾಮಾನಿನವನು ಇವತ್ತು ಸಂಜೆ ಐದಕ್ಕೆ ಬರುವವನಿದ್ದ. ರೇಡಿಯೊ ರಿಪೇರಿ ಮಾಡುವ ತಮ್ಮನಿಗೆ ಇದು ಒಪ್ಪಿಗೆಯಿರಲಿಲ್ಲ. ಆ ಮೆಷಿನ್ ತುಳಿದೇ ಅವಳು ಅವನನ್ನು ಓದಿಸಿದ್ದು.

ಅವಳು ಅದನ್ನು ಕೊಡಹೊರಟ ಕಾರಣ ಇಷ್ಟೇ. ಸೂಜಿಯ ಕೆಳಗಿನ ಪುಟ್ಟ ಉರುಳೆ, ಬಾಬಿನ್‌ನಲ್ಲಿ ದಾರ ಮುಗಿದರೂ ಮೆಷಿನ್ ತನ್ನ ಪಾಡಿಗೆ ಓಡುತ್ತಿರುತ್ತದೆ, ಹೊಲಿಗೆ ಮಾತ್ರ ಕೂರುವುದಿಲ್ಲ. ಮೊದಲೆಲ್ಲ ಅದು ಅಕ್ಕನ ಬೆರಳಿಗೇ ತಿಳಿಯುತ್ತಿತ್ತು. ಈಗ ಬೆರಳು ಮರಗಟ್ಟಿವೆ. ಹೋದ ವಾರ ಗಿರಾಕಿಯೊಬ್ಬರು ಅಂಗಿ ತೊಟ್ಟು ನೋಡುವಾಗ ತೋಳು ಕೈಗೇ ಬಂತು. ಅಕ್ಕ ಅವರೆದುರು ನಕ್ಕಳು, ಆಮೇಲೆ ಒಳಗೆ ಹೋಗಿ ಅತ್ತಳು.

ತಮ್ಮ ಕೈಕಟ್ಟಿ ಕೂರುವ ಆಸಾಮಿಯಲ್ಲ. ಎಂಟು ಲೋಹದ ಕಾಲಿನ, ರಿಸ್ಕ್-ಫೈವ್ ಮಾದರಿಯ ಪುಟಾಣಿ ಕಂಪ್ಯೂಟರ್ ಚಿಪ್ಪು ಐದು ತರಿಸಿದ. ಐದೂ ಸೇರಿ ಒಂದು ಡಬ್ಬಿ ಗುಂಡಿಯಷ್ಟು ಅಗ್ಗ. ಪ್ರೋಗ್ರಾಂ ಬರೆಯುವ, ಚಿಪ್ಪಿಗೆ ತುಂಬುವ ತಂತ್ರಾಂಶವೂ ಪುಕ್ಕಟೆ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದದ್ದು. ಮೆಷಿನ್ ಚಕ್ರಕ್ಕೊಂದು ಅಯಸ್ಕಾಂತ ಅಂಟಿಸಿ, ಪಕ್ಕದಲ್ಲಿ ಅದನ್ನು ಗುರುತಿಸುವ ಸೆನ್ಸರ್ ಕೂರಿಸಿದ. ಚಕ್ರ ಎಷ್ಟು ಸುತ್ತು ಬಂತೆಂದು ಚಿಪ್ಪು ಎಣಿಸಬೇಕು, ಬಾಬಿನ್ ಖಾಲಿಯಾಗುವ ಮುನ್ನ ಕೆಂಪು ದೀಪ ಹೊತ್ತಿಸಬೇಕು.

ಮೊದಲ ಚಿಪ್ಪು ದೀಪವನ್ನೇನೋ ಹೊತ್ತಿಸಿತು, ಆದರೆ ಎಣಿಕೆ ತಪ್ಪಿತ್ತು. ತಿದ್ದಿ ಮತ್ತೆ ತುಂಬಲು ಹೋದರೆ ಕಂಪ್ಯೂಟರಿಗೆ ಅದು ಕಾಣಿಸಲೇ ಇಲ್ಲ. ಎರಡನೆಯದೂ ಅದೇ ಹಾಡು. ಒಂದು ಸಲ ತುಂಬಿದ್ದೇ ತಡ, ಮತ್ತೆ ಬಾಯಿ ಬಿಡುತ್ತಿರಲಿಲ್ಲ. ನಾಲ್ಕು ಚಿಪ್ಪು ಅಕ್ಕನ ಗುಂಡಿ ಡಬ್ಬಿ ಸೇರಿದವು. ಐದನೆಯದೂ ಇವತ್ತು ಮೂರು ಗಂಟೆಗೆ ಕೈಕೊಟ್ಟಿತು.

"ಎಲ್ಲಾ ಸತ್ತುಹೋದ್ವು ಅಕ್ಕ," ಎಂದ ಮುಖ ಸಣ್ಣದು ಮಾಡಿಕೊಂಡು.

ಅಕ್ಕ ಚಿಪ್ಪಿನ ಕಾಲು ಎಣಿಸಿ ಕೇಳಿದಳು, "ನೀನು ಬರೆದಿದ್ದು ಯಾವ ಕಾಲಿಂದ ಒಳಗೆ ಹೋಗುತ್ತೆ?"

"ಎಂಟನೇದು."

"ದೀಪ ಕಟ್ಟಿರೋದು?"

"ಅದೂ ಎಂಟನೇದಕ್ಕೇ. ಆದ್ರೆ ಆ ಕಾಲಿಗೆ ಮೂರು ಹೆಸರಿದೆ. ತುಂಬೋದು ಒಂದು ಹೆಸರಲ್ಲಿ, ದೀಪ ಇನ್ನೊಂದು ಹೆಸರಲ್ಲಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅಕ್ಕ ಕನ್ನಡಕ ತೆಗೆದು ಅವನನ್ನೇ ನೋಡಿದಳು. "ನಾನು ನಿನಗೆ ಅಕ್ಕ, ನಿನ್ನ ಮಗಳಿಗೆ ಅತ್ತೆ. ಅತ್ತೆ ಕೆಲಸದಲ್ಲಿದ್ದಾಗ ಅಕ್ಕ ಬಿಡುವಾಗಿರ್ತಾಳೇನೋ?"

ತಮ್ಮ ಹಣೆ ಚಚ್ಚಿಕೊಂಡ. ಚಿಪ್ಪುಗಳು ಸತ್ತಿರಲಿಲ್ಲ. ಕರೆಂಟು ಬಂದ ಕೂಡಲೇ ಆ ಕಾಲು ದೀಪದ ಚಾಕರಿಗೆ ನಿಲ್ಲುತ್ತಿತ್ತು, ಅವನ ಕರೆಗೆ ಓಗೊಡಲು ಅದಕ್ಕೆ ಪುರುಸೊತ್ತಿರಲಿಲ್ಲ. ತಂತ್ರಾಂಶ ಬರೆದ ಪುಣ್ಯಾತ್ಮರಿಗೂ ಹಿಂದೆ ಇದೇ ಗತಿಯಾಗಿರಬೇಕು. ಹುಡುಕಿದರೆ ಅದಕ್ಕೆಂದೇ ಒಂದು ಆಜ್ಞೆ ಸಿಕ್ಕಿತು. ಕರೆಂಟು ಕಡಿದು ಮತ್ತೆ ಕೊಟ್ಟು, ಚಿಪ್ಪು ದೀಪದತ್ತ ತಿರುಗುವ ಮೊದಲೇ ಹಿಡಿದು ಹಳೆಯದನ್ನೆಲ್ಲ ಅಳಿಸುವುದು. ಐದನೆಯದು ಮಾತಾಡಿತು. ಡಬ್ಬಿಯಿಂದ ಹೆಕ್ಕಿದ ನಾಲ್ಕೂ ಮಾತಾಡಿದವು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ದೀಪವನ್ನು ಬೇರೆ ಕಾಲಿಗೆ ಕಟ್ಟಿ, ತಿದ್ದಿ ತುಂಬಿ, ತುಂಬಿ ತಿದ್ದಿ, ನಾಲ್ಕೂವರೆಗೆ ಎಣಿಕೆ ಸರಿಮಾಡಿದ.

ಅಕ್ಕ ಗಿರಾಕಿಯ ಅದೇ ಅಂಗಿಯ ತೋಳು ಹಿಡಿದು ಕೂತಳು. ಅರ್ಧ ಹೊಲಿದಿದ್ದಳು, ದೀಪ ಹೊತ್ತಿತು. ನಿಲ್ಲಿಸಿ ಬಾಬಿನ್ ತೆಗೆದು ನೋಡಿದರೆ ಮೊಳದಷ್ಟು ದಾರ ಉಳಿದಿತ್ತು. ಹೊಸ ದಾರ ಸುತ್ತಿಕೊಂಡು ಮತ್ತೆ ತುಳಿಯತೊಡಗಿದಳು. ತಮ್ಮ ಅವಳ ಮುಖವನ್ನೇ ನೋಡುತ್ತಿದ್ದ.

ಐದಕ್ಕೆ ಸರಿಯಾಗಿ ಹಳೇ ಸಾಮಾನಿನವನು ಬಾಗಿಲಲ್ಲಿ ನಿಂತ. "ಮೆಷಿನ್ ಕೊಡ್ತೀನಿ ಅಂದಿದ್ರಲ್ಲಮ್ಮ?"

"ಅದು ಕೆಲಸದಲ್ಲಿದೆ," ಎಂದಳು ಅಕ್ಕ, ತುಳಿಯುವುದನ್ನು ನಿಲ್ಲಿಸದೆ.