ಗುರುವಾರವೇ ಹೊರಟ ಪುಟ

ಬಸವನಗುಡಿಯ ವೀಣೆ ರಂಗನಾಯಕಿಯವರ ಶಿಷ್ಯರ ವಾರ್ಷಿಕ ಕಛೇರಿ ಇಪ್ಪತ್ತೆಂಟು ವರ್ಷ ಡಿಸೆಂಬರಿನ ಯಾವುದಾದರೊಂದು ಭಾನುವಾರ, ಚಾಮರಾಜಪೇಟೆಯ ಸ್ವರಮಂದಾರ ಸಭಾಭವನದಲ್ಲೇ ನಡೆದುಕೊಂಡು ಬಂದಿತ್ತು. ಆಗಸ್ಟಿನಲ್ಲಿ ಒಂದು ಒಳ್ಳೆಯ ದಿನ ನೋಡಿ ಆಕೆ ಹಣ್ಣು, ವೀಳ್ಯದೆಲೆ ಹಿಡಿದು ಕಾರ್ಯದರ್ಶಿ ಲಕ್ಷ್ಮಯ್ಯನವರ ಬಳಿ ಹೋಗುವರು. ಅವರು ಪಂಚಾಂಗ ನೋಡಿ, ರಿಜಿಸ್ಟರ್ ತೆರೆದು, ಹೆಸರು ಬರೆದುಕೊಳ್ಳುವರು. ಬರೆಯುವುದಕ್ಕೆ ಎರಡು ನಿಮಿಷ, ಅದರ ಸುತ್ತಲಿನ ಮಾತಿಗೆ ಒಂದೂವರೆ ಗಂಟೆ.

ಹೋದ ವರ್ಷ ಸಭೆಯ ಸಮಿತಿಗೆ ಆಧುನಿಕರಾಗಬೇಕೆನಿಸಿತು. ಡಿಸೆಂಬರಿನ ತಾರೀಖುಗಳು ಇನ್ನು ಮುಂದೆ ಆಗಸ್ಟಿನ ಮೊದಲನೆಯ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ವೆಬ್‌ಸೈಟಿನಲ್ಲಿ ತೆರೆದುಕೊಳ್ಳುತ್ತವೆ, ಮೊದಲು ಬಂದವರಿಗೆ ಮೊದಲು ಎಂದು ಪ್ರಕಟಿಸಿತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಆ ಹೊತ್ತಿನಲ್ಲಿ ಯಾವ ಶುಭಕಾರ್ಯವನ್ನೂ ಶುರುಮಾಡಬಾರದೆಂಬುದನ್ನು ಬಸವನಗುಡಿಯ ಮಕ್ಕಳು ಮಗ್ಗಿಗಿಂತ ಮೊದಲೇ ಕಲಿತಿರುತ್ತಾರೆ.

ರಂಗನಾಯಕಿ ಹನ್ನೆರಡರವರೆಗೆ ಕಾದರು. ರಾಹುವಿನ ದಾಕ್ಷಿಣ್ಯಕ್ಕೆ ಇನ್ನೂ ಐದು ನಿಮಿಷ ಬಿಟ್ಟರು. ಆಮೇಲೆ ತೆರೆದು ನೋಡಿದರೆ ಭಾನುವಾರಗಳೆಲ್ಲ ಹೋಗಿ ಒಂದು ಮಂಗಳವಾರದ ಮಧ್ಯಾಹ್ನ ಉಳಿದಿತ್ತು. ಹದಿನೇಳು ಶಿಷ್ಯರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗುವವರು. ರಜ ಹಾಕಿ ಬಂದವರು ಐದು ಜನ. ಕೇಳಲು ಕೂತಿದ್ದವರು ಒಂಬತ್ತು, ಅದರಲ್ಲಿ ಇಬ್ಬರು ಫ್ಯಾನ್ ರಿಪೇರಿಗೆ ಬಂದವರು.

“ಈ ಸಲವೂ ಭಾನುವಾರ ಸಿಗ್ಲಿಲ್ಲ ಅಂದ್ರೆ ಕಛೇರೀನೇ ಬೇಡ. ನಿಲ್ಲಿಸಿಬಿಡ್ತೀನಿ” ಎಂದು ಈ ವರ್ಷ ಜುಲೈನಲ್ಲೇ ಗಂಡನಿಗೆ ಹೇಳಿದರು.

ಗಂಡ ಶೀನಣ್ಣನಿಗೆ ಆ ಮಾತಿನ ತೂಕ ಗೊತ್ತಿತ್ತು. ಸಕ್ಕರೆ, ವಾರಪತ್ರಿಕೆಯ ಧಾರಾವಾಹಿ, ನಾದಿನಿಯೊಂದಿಗೆ ಮಾತು, ಈ ಮೂರನ್ನೂ ಹೆಂಡತಿ ಅದೇ ಒಂದು ಪದದಿಂದ ನಿಲ್ಲಿಸಿದ್ದರು. ಒಂದೂ ಮತ್ತೆ ಶುರುವಾಗಿರಲಿಲ್ಲ.

“ನೀನು ಮುಟ್ಟಬೇಡ, ನಾನು ಬುಕ್ ಮಾಡ್ತೀನಿ ಬಿಡೇ.”

“ನೀವು ಮಾಡಿದ್ರೆ ರಾಹು ನನ್ನ ಮನೆ ಮರೀತಾನಾ? ಇಬ್ಬರದೂ ಒಂದೇ ವಿಳಾಸ.”

ಶಿಷ್ಯ ರುದ್ರೇಶ್‌ನನ್ನೂ ಕೇಳಿ ನೋಡಿದ್ದಾಯಿತು. ಹನುಮಂತನಗರದ ಈತ ಜಮೀನು, ಮನೆ ಮಾರಿಸುವ ವ್ಯವಹಾರದವನು. ವಯಸ್ಸು ಐವತ್ತೊಂದು. ಬೆರಳಿನ ಉಂಗುರಗಳನ್ನೆಲ್ಲ ಬಿಚ್ಚಿ ಜೇಬಿಗೆ ಹಾಕಿಕೊಂಡು ಆರು ವರ್ಷದಿಂದ ವೀಣೆ ಕಲಿಯುತ್ತಿದ್ದಾನೆ. ಅವನು ಗಲ್ಲ ಗಲ್ಲ ಬಡಿದುಕೊಂಡ. “ಅಯ್ಯಯ್ಯೋ ಮೇಡಂ! ಶುಕ್ರವಾರ ಹತ್ತೂವರೆ ಆದ್ಮೇಲೆ ನಾನು ಅಗ್ರಿಮೆಂಟಿಗೆ ಪೆನ್ನೂ ಮುಟ್ಟಲ್ಲ. ಇನ್ನು ಸರಸ್ವತಿ ಕೆಲ್ಸಕ್ಕೆ ಕೈ ಹಾಕ್ಲಾ?”

ಆ ಶುಕ್ರವಾರಕ್ಕೆ ಎರಡೇ ದಿನ ಉಳಿದಿರುವಾಗ, ಬುಧವಾರ ಸಂಜೆ ಶೀನಣ್ಣ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ಒಂದು ಉಪಾಯ ಸಿಕ್ಕಿತು ಎಂದರು. ಬ್ರೌಸರ್‌ಗೆ ಒಂದು ಸಣ್ಣ ಸೌಲಭ್ಯ ಸೇರಿಸಿಕೊಂಡರೆ, ಇಂಥ ವೆಬ್‌ಸೈಟನ್ನು ಇಂಥ ದಿನ ಇಂಥ ಹೊತ್ತಿಗೆ ತೆರೆ ಎಂದು ಮೊದಲೇ ಹೇಳಿಡಬಹುದು. ಹೊತ್ತಾದಾಗ ಅದು ತಾನಾಗಿ ತೆರೆದುಕೊಳ್ಳುತ್ತದೆ.

ಹುರುಳೀಕಾಯಿ ಹೆಚ್ಚುತ್ತಿದ್ದ ರಂಗನಾಯಕಿಯವರ ಕೈ ನಿಂತಿತು. “ಯಾವತ್ತು ಹೇಳಿಡ್ಬೇಕು ಅದಕ್ಕೆ?”

“ಯಾವತ್ತಾದ್ರೂ ಸರಿ. ನಾಳೆನೇ ಹೇಳಿಡ್ಬಹುದು.”

“ಅಂದ್ರೆ ಪೆಟ್ಟಿಗೆ ಇಟ್ಟು ಬಂದ ಹಾಗೆ!”

ಆಕೆಯ ತಂದೆಯ ಕಾಲದಲ್ಲಿ ಪ್ರಯಾಣದ ಹೊತ್ತು ಕೆಟ್ಟದಿದ್ದರೆ, ಹಿಂದಿನ ದಿನವೇ ಒಳ್ಳೆಯ ಘಳಿಗೆ ನೋಡಿ ಪೆಟ್ಟಿಗೆಯನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಿದ್ದರು. ಪೆಟ್ಟಿಗೆ ಹೊಸಿಲು ದಾಟಿತೆಂದರೆ ಯಜಮಾನನೂ ಹೊರಟಂತೆ. ಮರುದಿನ ಆತ ರಾಹುಕಾಲದಲ್ಲೇ ರೈಲು ಹತ್ತಿದರೂ ಯಾರೂ ಕೇಳುವ ಹಾಗಿಲ್ಲ.

ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಕಡತ ನೋಡಿದ ಶೀನಣ್ಣ ಒಂದು ಆಕ್ಷೇಪ ಎತ್ತದೆ ಇರಲಾರರು. “ತೆರೆದ ಮೇಲೆ ತಾರೀಖು ಆರಿಸಿ ಬಟನ್ ಒತ್ತಬೇಕಲ್ಲ, ಅದು ರಾಹುಕಾಲದಲ್ಲೇ ಆಗುತ್ತೆ?”

“ಹೊರಟಾದ್ಮೇಲೆ ದಾರೀಲಿ ರಾಹುಕಾಲ ಬಂದ್ರೆ ಯಾರಾದ್ರೂ ಬಸ್ಸಿಂದ ಇಳೀತಾರೇನ್ರೀ?”

ಕಡತ ಅಲ್ಲಿಗೆ ಮುಕ್ತಾಯವಾಯಿತು.

ಗುರುವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಲ್ಯಾಪ್‌ಟಾಪನ್ನು ಪೂರ್ವಕ್ಕೆ ಮುಖ ಮಾಡಿ ಇಟ್ಟರು. ಕುಂಕುಮ ಬಿತ್ತು, ಕ್ಯಾಮೆರಾದ ಕಣ್ಣಿಗಲ್ಲ, ಲ್ಯಾಪ್‌ಟಾಪಿನ ಬೆನ್ನಿಗೆ, ಶೀನಣ್ಣ ಬಹಳ ಬೇಡಿಕೊಂಡದ್ದರಿಂದ. ಸಭೆಯ ವಿಳಾಸ, ಶುಕ್ರವಾರ, ಹತ್ತೂವರೆ, ಎಲ್ಲವನ್ನೂ ಅವರು ಟೈಪ್ ಮಾಡಿದರು. ಕೊನೆಯ ಗುಂಡಿಯನ್ನು ರಂಗನಾಯಕಿ ಒತ್ತಿದರು. ಆಮೇಲೆ ಪೂಜೆಯಾದ ಯಾವುದೇ ವಸ್ತುವಿಗೆ ಆ ಮನೆಯಲ್ಲಿ ಮಾಡುವುದನ್ನೇ ಅದಕ್ಕೂ ಮಾಡಿದರು. ಮುಚ್ಚಿ, ದೇವರ ಮನೆಯ ಮಣೆಯ ಮೇಲಿಟ್ಟು, ಮೇಲೊಂದು ಹೂವಿಟ್ಟು, ಯಾರೂ ಮುಟ್ಟಕೂಡದೆಂದರು. ಆಯುಧಪೂಜೆಯಲ್ಲಿ ವೀಣೆಗೂ ಸ್ಕೂಟರಿಗೂ ಇದೇ ಕಟ್ಟಳೆ.

“ಚಾರ್ಜು?” ಎಂದರು ಶೀನಣ್ಣ.

“ವೈರ್ ಹಾಕೇ ಇದೆ.”

ಇಬ್ಬರಿಗೂ ನೆಮ್ಮದಿಯಾಯಿತು.

ಶುಕ್ರವಾರ ಹತ್ತೂ ಇಪ್ಪತ್ತಕ್ಕೇ ದಂಪತಿಗಳು ದೇವರ ಮನೆಯ ಮುಂದೆ ಚಾಪೆ ಹಾಕಿ ಕೂತರು. ಹತ್ತೂವರೆಯಾಯಿತು. ಹೂವು ಕೂಡ ಅಲುಗಲಿಲ್ಲ.

“ಒಳಗೊಳಗೇ ತೆಗೆದಿರುತ್ತೆ ಬಿಡಿ” ಎಂದು ರಂಗನಾಯಕಿ ಪಿಸುಗುಟ್ಟಿದರು.

ಶೀನಣ್ಣನ ಮುಖದಲ್ಲಿ, ಗ್ಯಾಸ್ ಆರಿಸದೆ ಊರಿಗೆ ಹೊರಟದ್ದು ಮೆಜೆಸ್ಟಿಕ್‌ನಲ್ಲಿ ನೆನಪಾದವರ ಕಳೆ ಮೂಡಿತು. “ರಂಗೂ, ಮುಚ್ಚಿಟ್ರೆ ಅದು ನಿದ್ದೆ ಮಾಡುತ್ತೆ ಕಣೇ.”

“ಯಾವಾಗಿಂದ?”

“ನಿನ್ನೆ ನೀನು ಹೂವಿಟ್ಟಾಗಿಂದ.”

ಅವರು ಕೈ ಚಾಚಿದರು. ಆಕೆ ಮಣಿಕಟ್ಟು ಹಿಡಿದು ನಿಲ್ಲಿಸಿದರು. “ಮುಟ್ಟಬೇಡಿ! ಅದು ಹೊರಟೇ ಇಲ್ಲ. ಈಗ ತೆಗೆದ್ರೆ ಈಗ್ಲೇ ಶುರುಮಾಡಿದ ಹಾಗೆ.”

“ನಿನ್ನೆ ಹೇಳಿಟ್ಟಾಗಿದೆಯಲ್ಲೇ, ಅದು ಲೆಕ್ಕಕ್ಕಿಲ್ವಾ?”

ಅಷ್ಟರಲ್ಲಿ ಫೋನು ಬಂತು. ರುದ್ರೇಶ್. “ಮೇಡಂ, ಆಗ್ಲೇ ಎರಡು ಭಾನುವಾರ ಹೋಯ್ತು!”

“ನಿಮಗೆ ಹೇಗೆ ಗೊತ್ತು?”

“ಬರೀ ನೋಡ್ತಿದೀನಿ ಮೇಡಂ. ನೋಡೋಕೇನು ರಾಹುಕಾಲ ಇಲ್ವಲ್ಲ. ನಿಮ್ದಾಯ್ತಾ?”

“ಇಲ್ಲ. ಮಲಗಿಬಿಟ್ಟಿದೆ.”

“ಯಾರು, ಸರ್ರಾ?”

“ಲ್ಯಾಪ್‌ಟಾಪು!”

“ಎಬ್ಬಿಸಿ ಮೇಡಂ! ನಮ್ಮಮ್ಮ ಕಛೇರಿಗೆ ಅಂತ ಸೀರೆನೂ ತಗೊಂಡಾಗಿದೆ. ಅಯ್ಯೋ, ಮೂರ್ನೇದೂ ಹೋಯ್ತು! ಇಪ್ಪತ್ತೆಂಟು ಒಂದೇ ಉಳಿದಿರೋದು.”

ರಂಗನಾಯಕಿ ಫೋನು ಕೆಳಗಿಟ್ಟು ಮಣೆಯನ್ನೇ ನೋಡಿದರು. ಒಂದು ಕಡೆ ಹದಿನೇಳು ಜನ, ವರ್ಷವಿಡೀ ಸಾಧನೆ ಮಾಡಿದವರು. ಇನ್ನೊಂದು ಕಡೆ ರಾಹು, ಆತನ ಸಾಧನೆಯೂ ಕಡಿಮೆಯದಲ್ಲ. ಶೀನಣ್ಣ ಚಾಚಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡರು. ನಲವತ್ತಮೂರು ವರ್ಷದ ಸಂಸಾರದಲ್ಲಿ, ಯಾವಾಗ ಕೈ ಹಿಂತೆಗೆಯಬೇಕೆಂಬುದಷ್ಟನ್ನು ಅವರು ಚೆನ್ನಾಗಿ ಕಲಿತಿದ್ದರು.

“ರೀ, ಪೆಟ್ಟಿಗೆ ನಿನ್ನೆನೇ ಪಕ್ಕದ ಮನೆಗೆ ಹೋಯ್ತು ತಾನೆ?”

“ಹೋಯ್ತು.”

“ಪಕ್ಕದ ಮನೆಯವರು ಬಾಗಿಲು ಹಾಕ್ಕೊಂಡು ಮಲಗಿಬಿಟ್ರೆ?”

“ಬಾಗಿಲು ತಟ್ಟಿ ಎಬ್ಬಿಸ್ಬೇಕು.”

“ಎಬ್ಬಿಸೋದು ಪ್ರಯಾಣ ಶುರುಮಾಡಿದ ಹಾಗಲ್ಲ ತಾನೆ?”

“ಖಂಡಿತಾ ಅಲ್ಲ” ಎಂದರು ಶೀನಣ್ಣ. ಇಷ್ಟು ಬೇಗ ಅವರು ಯಾವ ಕಡತಕ್ಕೂ ಸಹಿ ಹಾಕಿದವರಲ್ಲ.

ರಂಗನಾಯಕಿ ಹೂವನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟು ತಾವೇ ಮುಚ್ಚಳ ಎತ್ತಿದರು. ಅದು ಪಾಸ್‌ವರ್ಡ್ ಕೇಳಿತು. ಶೀನಣ್ಣ ಒಂದು ಸಲ ತಪ್ಪು ಹೊಡೆದು, ಬೈಸಿಕೊಂಡು, ಎರಡನೆಯ ಸಲ ಸರಿಯಾಗಿ ಹೊಡೆದರು. ಬ್ರೌಸರ್ ತಡವಾಗಿ ಎದ್ದ ಅಳಿಯನ ಹಾಗೆ ತಡಬಡಿಸಿ, ಯಾರೂ ಮುಟ್ಟದೆಯೇ ಸಭೆಯ ಪುಟವನ್ನು ತೆರೆದು ಮುಂದಿಟ್ಟಿತು.

“ನೋಡಿದ್ರಾ? ತಾನಾಗೇ ತೆಗೀತು!”

ಇಪ್ಪತ್ತೆಂಟನೆಯ ತಾರೀಖು ಇನ್ನೂ ಹಸಿರಾಗಿತ್ತು. ತಂತಿ ಮೀಟಿ ಗಟ್ಟಿಯಾದ ಬೆರಳಿನಿಂದ ರಂಗನಾಯಕಿ ಅದನ್ನೊತ್ತಿದರು. ಹೆಸರು, ಫೋನು ನಂಬರು, ಕೊನೆಯ ಬಟನ್. ಹತ್ತೂ ನಲವತ್ತೊಂದಕ್ಕೆ ಭಾನುವಾರ ಅವರದಾಯಿತು. ಶೀನಣ್ಣ ಎದ್ದು, ಯಾರೂ ಹೇಳದೆಯೇ, ಕಾಫಿಗೆ ನೀರಿಟ್ಟರು.

ಹನ್ನೆರಡೂವರೆಗೆ ಲಕ್ಷ್ಮಯ್ಯನವರ ಫೋನು. ವೆಬ್‌ಸೈಟ್ ಬಂದಮೇಲೂ ಬಾಯಿಮಾತಿನಲ್ಲೊಮ್ಮೆ ಖಾತ್ರಿ ಮಾಡಿಕೊಳ್ಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

“ಅಮ್ಮಾ, ಇಪ್ಪತ್ತೆಂಟು ನಿಮಗೇ. ಅಲ್ಲ, ಹತ್ತೂ ನಲವತ್ತೊಂದು ಅಂತ ತೋರಿಸ್ತಿದೆಯಲ್ಲ? ಶುಕ್ರವಾರ! ನೀವೂ ಇಂಥಾದ್ದಕ್ಕೆ ಇಳಿದುಬಿಟ್ರಾ?”

“ನಾನು ಮಾಡಿದ್ದು ಗುರುವಾರ, ಲಕ್ಷ್ಮಯ್ಯನವರೇ. ನಿಮ್ಮಲ್ಲಿಗೆ ಬಂದು ಸೇರಿದ್ದು ಶುಕ್ರವಾರ ಅಷ್ಟೆ.”

“ಗೊತ್ತಮ್ಮ” ಎಂದರು ಲಕ್ಷ್ಮಯ್ಯ. “ಮಿಕ್ಕ ಮೂರು ಭಾನುವಾರದವರೂ ಅದನ್ನೇ ಹೇಳಿದ್ರು.”